ಯುದ್ಧಕಾಲದ ಬ್ರಿಟಿಷ್ ಪ್ರೊಟೊಟೈಪ್ ಮತ್ತು ನೌಕಾಪಡೆ ವಿಮಾನಗಳ ಹಳೇ ಫೋಟೋಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಎರಡನೇ ಮಹಾಯುದ್ಧದ ಕಾಲದ ಬ್ರಿಟಿಷ್ ವಿಮಾನಗಳ ಫೋಟೋಗಳನ್ನು ನಾನು ತುಂಬಾ ವರ್ಷಗಳಿಂದ ಕೂಡಿಡುತ್ತಿದ್ದೇನೆ. ಮನೆಗೆ ಬಂದವರು ಕೇಳಿದ್ದು, ಪತ್ರದಲ್ಲಿ ಬಂದದ್ದು, ಶಾಲೆಗಳಲ್ಲಿ ಪ್ರಿಂಟ್ ತೋರಿಸಿದಾಗ ಮಕ್ಕಳು ಕೇಳಿದ್ದು ಎಲ್ಲ ಸೇರಿ ಈ ಪ್ರಶ್ನೆಗಳಾದವು. ಶುರುವಿನಲ್ಲಿ ಸುಲಭದವು, ಆಮೇಲೆ ಸ್ವಲ್ಪ ಆಳದವು.

## ಹೊಸಬರಿಗೆ

ಯುದ್ಧ ನಡೀತಿರುವಾಗ ಇಷ್ಟು ಚೆಂದದ ಫೋಟೋ ತೆಗೆಯೋಕೆ ಯಾರಿಗೆ ಪುರಸೊತ್ತಿತ್ತು?

ಚೆಂದಕ್ಕೆ ಅಂತ ತೆಗೆದವು ಕಡಿಮೆ. ಹೆಚ್ಚಿನವು ಕಚೇರಿಯ ದಾಖಲೆಗಳು. ಹೊಸ ವಿಮಾನ ತಯಾರಾದರೆ ಅದನ್ನು ಪರೀಕ್ಷೆಗೆ ಕಳಿಸಬೇಕಿತ್ತು. ನೆಲದಿಂದ ಹಾರುವ ವಿಮಾನಗಳ ಪರೀಕ್ಷಾ ಕೇಂದ್ರ ಮೊದಲು ಮಾರ್ಟಲ್‌ಶಮ್ ಹೀತ್‌ನಲ್ಲಿತ್ತು. 1939ರಲ್ಲಿ ಯುದ್ಧ ಶುರುವಾದ ಕೂಡಲೇ ಅದು ಬಾಸ್ಕಂಬ್ ಡೌನ್‌ಗೆ ಹೋಯಿತು. ನೀರಿನ ಮೇಲೆ ಇಳಿಯುವ ವಿಮಾನಗಳ ಕೇಂದ್ರ ಫೀಲಿಕ್ಸ್‌ಸ್ಟೋ ಬಿಟ್ಟು ಸ್ಕಾಟ್‌ಲೆಂಡಿನ ಹೆಲೆನ್ಸ್‌ಬರಾಕ್ಕೆ ಹೋಯಿತು. ಅಲ್ಲಿ ವಿಮಾನವನ್ನು ಮುಂದಿನಿಂದ, ಪಕ್ಕದಿಂದ, ಓರೆಯಾಗಿ, ಹಿಂದಿನಿಂದ ಫೋಟೋ ತೆಗೆದು ವರದಿಗೆ ಅಂಟಿಸುತ್ತಿದ್ದರು. ಕಾರ್ಖಾನೆಯವರು ತಮ್ಮ ಲೆಕ್ಕಕ್ಕೆ ಬೇರೆ ತೆಗೆಯುತ್ತಿದ್ದರು. ದೊಡ್ಡ ನೆಗೆಟಿವ್, ಮೂರು ಕಾಲಿನ ಸ್ಟ್ಯಾಂಡ್, ನಿಂತ ವಿಮಾನ. ಅದಕ್ಕೇ ಒಂದೊಂದು ಮೊಳೆಯೂ ಎಣಿಸುವ ಹಾಗೆ ಕಾಣುತ್ತದೆ.

ಪ್ರೊಟೊಟೈಪ್ ಅಂದ್ರೆ ಮೊದಲನೇ ವಿಮಾನ ಅಷ್ಟೇ ಅಲ್ವಾ? ಅದರಲ್ಲೇನು ವಿಶೇಷ?

ಮೊದಲನೆಯದು ಹೌದು. ಆದರೆ ಆಮೇಲೆ ಬಂದವುಗಳ ಥರ ಅದು ಇರುವುದಿಲ್ಲ. ವಿಶೇಷ ಇರುವುದು ಅಲ್ಲೇ.

ಲ್ಯಾಂಕಾಸ್ಟರ್ ಬಾಂಬರ್ ಅಂದರೆ ಬಾಲದಲ್ಲಿ ಎರಡು ಲಂಬ ರೆಕ್ಕೆ ಅಂತ ಎಲ್ಲರಿಗೂ ಗೊತ್ತು. ಅದರ ಪ್ರೊಟೊಟೈಪಿನ ಮೈಮೇಲೆ ಬರೆದ ನಂಬರ್ ಬಿಟಿ308. 1941ರ ಜನವರಿ 9ರಂದು ಮ್ಯಾಂಚೆಸ್ಟರ್ ಹತ್ತಿರದ ರಿಂಗ್‌ವೇಯಿಂದ ಹಾರಿದಾಗ ಅದಕ್ಕೆ ಮೂರು ಇದ್ದವು. ಆಮೇಲೆ ನಡುವಿನದನ್ನು ತೆಗೆದು ಪಕ್ಕದ ಎರಡನ್ನು ದೊಡ್ಡದು ಮಾಡಿದರು.

ಬ್ಯಾರಕುಡಾ ಇನ್ನೂ ಒಳ್ಳೇ ಉದಾಹರಣೆ. ಫೇರಿ ಕಂಪನಿ ಬ್ರಿಟಿಷ್ ನೌಕಾಪಡೆಗೆ ಮಾಡಿದ ಟಾರ್ಪಿಡೊ ವಿಮಾನ ಇದು. ಪ್ರೊಟೊಟೈಪ್ ಪಿ1767 ಮೊದಲು ಹಾರಿದ್ದು 1940ರ ಡಿಸೆಂಬರ್ 7ರಂದು. ಆಗ ಬಾಲದ ಅಡ್ಡರೆಕ್ಕೆ ಎಲ್ಲ ವಿಮಾನಗಳಲ್ಲಿ ಇರುವ ಹಾಗೆ ಕೆಳಗಿತ್ತು. ಮುಖ್ಯ ರೆಕ್ಕೆಯ ಹಿಂದಿನ ದೊಡ್ಡ ಫ್ಲ್ಯಾಪ್‌ಗಳು, ಅಂದರೆ ಬಾಗಿಸಬಹುದಾದ ಹಲಗೆಗಳು, ಕದಡಿದ ಗಾಳಿ ನೇರ ಬಾಲಕ್ಕೆ ಬಂದು ಬಡಿಯುತ್ತಿತ್ತು, ವಿಮಾನ ನಡುಗುತ್ತಿತ್ತು. ಅದನ್ನು ಮೇಲಕ್ಕೆ ಎತ್ತಿ ಕಟ್ಟಿದರು. ಹಾಗಾಗಿ ಬಾಲ ಕೆಳಗಿರುವ ಬ್ಯಾರಕುಡಾ ಫೋಟೋ ನಿಮ್ಮ ಕೈಗೆ ಬಂದರೆ, ಎಂಜಿನಿಯರುಗಳು ಇನ್ನೂ ತಲೆ ಕೆಡಿಸಿಕೊಳ್ಳುತ್ತಿದ್ದ ದಿನಗಳನ್ನು ನೋಡುತ್ತಿದ್ದೀರಿ ಅಂತ ಅರ್ಥ.

ಫೋಟೋದಲ್ಲಿ ಸಮುದ್ರವೂ ಇಲ್ಲ, ಹಡಗೂ ಇಲ್ಲ. ಇದು ನೌಕಾಪಡೆಯ ವಿಮಾನ ಅಂತ ಹೇಗೆ ಹೇಳ್ತೀರಿ?

ಮೊದಲು ಹೊಟ್ಟೆ ಅಥವಾ ಬಾಲದ ಕೆಳಗೆ ಕೊಕ್ಕೆ ಹುಡುಕಿ. ಹಡಗಿನ ಡೆಕ್ಕಿನ, ಅಂದರೆ ವಿಮಾನ ಇಳಿಯುವ ಮೇಲ್ಗಡೆಯ ಅಂಗಳದ, ಅಡ್ಡಕ್ಕೆ ಎಳೆದು ಕಟ್ಟಿದ ತಂತಿಗೆ ಈ ಕೊಕ್ಕೆ ಸಿಕ್ಕಿಕೊಂಡರೆ ಮಾತ್ರ ವಿಮಾನ ನಿಲ್ಲುತ್ತದೆ. ಆಮೇಲೆ ರೆಕ್ಕೆಯ ಮೇಲೆ ಮಡಚುವ ಗೆರೆ, ಅಂದರೆ ಬಿಜಾಗರಿಯ ಜಾಗ. ಇಲಸ್ಟ್ರಿಯಸ್ ಥರದ ವಿಮಾನವಾಹಕ ಹಡಗುಗಳ ಲಿಫ್ಟಿನ ಅಗಲ 22 ಅಡಿ ಮಾತ್ರ. ರೆಕ್ಕೆ ಮಡಚದಿದ್ದರೆ ವಿಮಾನ ಡೆಕ್ಕಿನಿಂದ ಕೆಳಗೆ ಇಳಿಯುವುದೇ ಇಲ್ಲ. ಸ್ಪಿಟ್‌ಫೈರ್‌ನ ನೌಕಾ ರೂಪವಾದ ಸೀಫೈರ್‌ಗೆ ಮೂರನೇ ಮಾದರಿ ಬರುವ ತನಕ ಮಡಚುವ ರೆಕ್ಕೆ ಇರಲಿಲ್ಲ, ಅದರಿಂದ ಪಟ್ಟ ಪಾಡು ಅಷ್ಟಿಷ್ಟಲ್ಲ.

ಮೂರನೆಯದು ಬರಹ. ಬಾಲದ ಹತ್ತಿರ ನಂಬರಿನ ಮೇಲೆ 'ರಾಯಲ್ ನೇವಿ' ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಇವು ಯಾವುದೂ ಕಾಣದಿದ್ದರೆ ಸುಮ್ನೆ ಊಹೆ ಮಾಡಬೇಡಿ, ನಂಬರ್ ಹಿಡಿದು ಹುಡುಕಿ.

ಎಲ್ಲೋ ಇಂಗ್ಲೆಂಡಿನ ವಿಮಾನ. ನಮಗೂ ಇದಕ್ಕೂ ಏನಾದ್ರೂ ಸಂಬಂಧ ಇದೆಯಾ?

ಇದೆ. ಯುದ್ಧಕಾಲದಲ್ಲಿ ಗುಟ್ಟಾಗಿ ಹಾರಿದ ವ್ಯಾಂಪೈರ್ ಜೆಟ್ಟನ್ನು 1950ರ ದಶಕದಲ್ಲಿ ಬೆಂಗಳೂರಿನ ಎಚ್‌ಎಎಲ್ ಪರವಾನಗಿ ಪಡೆದು ತಯಾರಿಸಿತು. ಮನೆಯಲ್ಲಿ ಎಚ್‌ಎಎಲ್‌ನಿಂದ ನಿವೃತ್ತರಾದ ಅಜ್ಜ ಇದ್ದರೆ ಕೇಳಿ ನೋಡಿ. ಪ್ಲೈವುಡ್ ಮತ್ತು ಬಾಲ್ಸಾ ಮರ ಸೇರಿಸಿ ಅಂಟಿಸಿದ ಅದರ ಒಡಲಿನ ಬಗ್ಗೆ ಅವರು ಏನಾದರೂ ಹೇಳಿಯಾರು.

ಫೈರ್‌ಫ್ಲೈ ವಿಮಾನದ್ದು ಇನ್ನೊಂದು ನಂಟು. ಅದರ ಪ್ರೊಟೊಟೈಪ್ ಝಡ್1826 ಹಾರಿದ್ದು 1941ರ ಡಿಸೆಂಬರ್ 22ರಂದು, ಲಂಡನ್ ಪಕ್ಕದ ಗ್ರೇಟ್ ವೆಸ್ಟ್ ಏರೊಡ್ರೋಮ್‌ನಿಂದ. ಫೇರಿ ಕಂಪನಿಯ ಹಳೇ ಫೋಟೋಗಳಲ್ಲಿ ಹಿಂದೆ ಕಾಣುವ ಸಪಾಟು ಹುಲ್ಲುಗಾವಲು ಅದೇ. 1944ರಲ್ಲಿ ಸರ್ಕಾರ ಆ ಜಾಗ ವಶಪಡಿಸಿಕೊಂಡಿತು. ಈಗ ಅದು ಹೀಥ್ರೂ, ಬೆಂಗಳೂರಿನಿಂದ ಹೋದ ನಮ್ಮ ಮಕ್ಕಳು ಸೂಟ್‌ಕೇಸ್ ಎಳೆದುಕೊಂಡು ಇಳಿಯುವ ಜಾಗ. 1955ರಲ್ಲಿ ಭಾರತೀಯ ನೌಕಾಪಡೆ ಕೊಚ್ಚಿಗೆ ಫೈರ್‌ಫ್ಲೈಗಳನ್ನು ತರಿಸಿಕೊಂಡಿತು. ಒಂದು ಈಗಲೂ ಗೋವಾದ ನೌಕಾ ವಿಮಾನ ಸಂಗ್ರಹಾಲಯದಲ್ಲಿ ನಿಂತಿದೆ. ಕಾರವಾರದವರಿಗಂತೂ ಬೆಳಿಗ್ಗೆ ಹೊರಟು ಸಂಜೆ ಮನೆ ಸೇರುವಷ್ಟು ಹತ್ತಿರ.

## ಫೋಟೋ ಓದುವುದು

ವಿಮಾನದ ಮೈಮೇಲೆ ಸುತ್ತು ಹಾಕಿದ 'ಪಿ' ಅಕ್ಷರ ಇದೆ. ಏನದು?

ಇದು ಪ್ರೊಟೊಟೈಪ್ ಅಂತ ಹೇಳುವ ಗುರುತು. ಹಳದಿ ಬಣ್ಣದ 'ಪಿ', ಸುತ್ತ ಹಳದಿ ವೃತ್ತ. ಇಂಥ ವಿಮಾನಗಳ ಹೊಟ್ಟೆಗೂ ಹಳದಿ ಬಣ್ಣ ಬಳಿಯುತ್ತಿದ್ದರು. ಆಕಾಶದಲ್ಲಿ ಯಾರೂ ನೋಡಿರದ ಆಕಾರ ಕಂಡರೆ ಕೆಳಗಿನ ಫಿರಂಗಿಯವರು ಶತ್ರು ಅಂತ ಗುಂಡು ಹಾರಿಸುವ ಅಪಾಯ ಇತ್ತು. ಹಳದಿ ಹೊಟ್ಟೆ ಕಂಡರೆ ನಮ್ಮದೇ ಪರೀಕ್ಷಾ ವಿಮಾನ ಅಂತ ಗೊತ್ತಾಗಲಿ ಅಂತ ಈ ಏರ್ಪಾಡು.

ನಂಬರಿನ ಕೊನೆಗೆ ಗೆರೆ ಹಾಕಿ 'ಜಿ' ಅಂತ ಬರೆದಿದ್ದಾರೆ. ಅದೂ ಮಾದರಿಯ ಹೆಸರಾ?

ಅಲ್ಲ. 'ಗಾರ್ಡ್' ಅನ್ನುವುದರ ಮೊದಲ ಅಕ್ಷರ. ಈ ವಿಮಾನ ನೆಲದ ಮೇಲಿರುವಷ್ಟು ಹೊತ್ತೂ ಕಾವಲುಗಾರ ಇರಲೇಬೇಕು ಅಂತ ಅರ್ಥ. ಬ್ರಿಟನ್ನಿನ ಮೊದಲ ಜೆಟ್ ವಿಮಾನ ಗ್ಲಾಸ್ಟರ್ ಇ.28/39ರ ನಂಬರ್ ಡಬ್ಲ್ಯು4041/ಜಿ. ಮೀಟಿಯರ್ ಜೆಟ್ಟಿನ ಪ್ರೊಟೊಟೈಪ್‌ಗಳಲ್ಲಿ ಮೊದಲು ಹಾರಿದ್ದು ಡಿಜಿ206/ಜಿ. ಈ ಒಂದು ಅಕ್ಷರ ಕಂಡರೆ ನನಗೆ ಈಗಲೂ ಮೈ ಜುಮ್ ಅನ್ನುತ್ತದೆ. ಫೋಟೋದ ಚೌಕಟ್ಟಿನ ಆಚೆ ಎಲ್ಲೋ ಬಂದೂಕು ಹಿಡಿದ ಒಬ್ಬ ಹುಡುಗ ಚಳಿಯಲ್ಲಿ ನಿಂತಿದ್ದಾನೆ ಅಂತ ಅದು ಹೇಳುತ್ತದೆ.

ಇ.28/39, ಎಸ್.24/37 ಅಂತೆಲ್ಲ ಬರೀತಾರಲ್ಲ, ಅದನ್ನ ಬಿಡಿಸಿ ಹೇಳಿ.

ಸರ್ಕಾರ ಹೊರಡಿಸಿದ ಬೇಡಿಕೆಯ ನಂಬರ್ ಅದು. ಕೊನೆಯ ಎರಡು ಅಂಕಿ ವರ್ಷ, ನಡುವಿನದು ಆ ವರ್ಷದ ಎಷ್ಟನೇ ಬೇಡಿಕೆ ಅನ್ನುವುದು, ಅಕ್ಷರ ಯಾವ ಕೆಲಸದ ವಿಮಾನ ಅನ್ನುವುದು. 'ಇ' ಪ್ರಯೋಗಕ್ಕೆ, 'ಎಫ್' ಫೈಟರ್‌ಗೆ, 'ಬಿ' ಬಾಂಬರ್‌ಗೆ, 'ಎನ್' ನೌಕಾಪಡೆಯ ಫೈಟರ್‌ಗೆ. ಬ್ಯಾರಕುಡಾ ಹುಟ್ಟಿದ್ದು ಎಸ್.24/37ರಿಂದ.

ಒಂದೇ ವಿಮಾನ, ಒಂದು ಫೋಟೋದಲ್ಲಿ ಹೊಟ್ಟೆ ಬೆಳ್ಳಗಿದೆ, ಇನ್ನೊಂದರಲ್ಲಿ ಕಪ್ಪಗಿದೆ. ಬಣ್ಣ ಬದಲಾಯಿಸಿದ್ರಾ?

ಬದಲಾಗಿದ್ದು ಫಿಲ್ಮು. ಎಲ್ಲಕ್ಕಿಂತ ಜಾಸ್ತಿ ಜನ ಎಡವುವುದು ಇಲ್ಲೇ, ಅದಕ್ಕೆ ಸ್ವಲ್ಪ ಉದ್ದ ಹೇಳುತ್ತೇನೆ.

ನಿಮ್ಮ ಮನೆಯಲ್ಲಿ ಅಜ್ಜಿಯ ಮದುವೆ ಫೋಟೋ ಇದ್ದರೆ ತೆಗೆದು ನೋಡಿ. ತುಂಬಾ ಹಳೆಯದಾದರೆ ಹಣೆಯ ಕುಂಕುಮ ಕಾಡಿಗೆ ಬೊಟ್ಟಿನ ಹಾಗೆ ಕಪ್ಪಗೆ ಕಾಣುತ್ತದೆ. ಅಜ್ಜಿ ಕಪ್ಪು ಬೊಟ್ಟು ಇಟ್ಟಿರಲಿಲ್ಲ. ಆಗಿನ ಆರ್ಥೊಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಬೆಳಕು ಕಾಣುತ್ತಲೇ ಇರಲಿಲ್ಲ. ಸ್ಟುಡಿಯೊದವರು ಕತ್ತಲೆ ಕೋಣೆಯಲ್ಲಿ ಕೆಂಪು ಬಲ್ಬ್ ಹಾಕಿಕೊಂಡು ಕೆಲಸ ಮಾಡುತ್ತಿದ್ದದ್ದೂ ಅದಕ್ಕೇ.

ಅದೇ ಫಿಲ್ಮಿನಲ್ಲಿ ವಿಮಾನ ತೆಗೆದರೆ ಏನಾಗುತ್ತದೆ? ಕೆಂಪು ಪೂರ್ತಿ ಕಪ್ಪಾಗುತ್ತದೆ. ಹಳದಿಯೂ ಗಾಢವಾಗುತ್ತದೆ, ಯಾಕೆಂದರೆ ಹಳದಿಯಲ್ಲಿರುವ ಕೆಂಪಿನ ಪಾಲು ಫಿಲ್ಮಿಗೆ ಸಿಗುವುದಿಲ್ಲ. ನೀಲಿ ಮಾತ್ರ ತಿಳಿಯಾಗಿ ಬರುತ್ತದೆ. ಎಲ್ಲ ಬಣ್ಣಗಳನ್ನೂ ಕಾಣುವ ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮಿನಲ್ಲಿ ಹಳದಿ ಬೆಳ್ಳಗೆ, ನೀಲಿ ಗಾಢವಾಗಿ ಬರುತ್ತದೆ. ಯುದ್ಧಕಾಲದಲ್ಲಿ ಎರಡೂ ಬಳಕೆಯಲ್ಲಿದ್ದವು.

ಪರೀಕ್ಷಿಸುವುದು ಹೀಗೆ. ರೆಕ್ಕೆ ಅಥವಾ ಒಡಲಿನ ಮೇಲಿನ ರೌಂಡೆಲ್, ಅಂದರೆ ವೃತ್ತದೊಳಗೆ ವೃತ್ತ ಇರುವ ಗುರುತು ನೋಡಿ. ನಡುವಿನ ಕೆಂಪು ಇದ್ದಲಿನ ಹಾಗೆ, ಸುತ್ತಲಿನ ನೀಲಿ ಅದಕ್ಕಿಂತ ತಿಳಿಯಾಗಿ ಇದ್ದರೆ ಅದು ಆರ್ಥೊ. ಆಗ ಹೊಟ್ಟೆ ಕಪ್ಪಗೆ ಕಂಡರೂ ಅದು ಹಳದಿ ಇರಬಹುದು. ರೌಂಡೆಲ್ ನೋಡದೆ ಬಣ್ಣದ ಮಾತು ಆಡಲೇಬೇಡಿ.

ಹಿಂದೆ ಇರಬೇಕಾದ ಕಟ್ಟಡ, ಮರ ಎಲ್ಲ ಅಳಿಸಿದ ಹಾಗಿದೆ. ಯಾರೋ ಹಾಳು ಮಾಡಿದ್ದಾರಾ?

ಹಾಳಲ್ಲ, ಸೆನ್ಸಾರ್ ಕೆಲಸ. ಕಾರ್ಖಾನೆ ಎಲ್ಲಿದೆ ಅಂತ ಶತ್ರುವಿಗೆ ಗೊತ್ತಾಗಬಾರದು ಅಂತ ಹ್ಯಾಂಗರ್, ಚಿಮಣಿ, ಬೆಟ್ಟದ ಗೆರೆ ಎಲ್ಲ ಮುಚ್ಚುತ್ತಿದ್ದರು. ರೇಡಾರ್ ಆಂಟೆನಾ ಇದ್ದರಂತೂ ಕಡ್ಡಾಯ. ಸಮುದ್ರದಲ್ಲಿ ಸಬ್‌ಮರೀನ್ ಹುಡುಕುವ ಸ್ವೋರ್ಡ್‌ಫಿಶ್ ವಿಮಾನಗಳ ರೆಕ್ಕೆಯ ಕಂಬಗಳಿಗೆ ಮೀನಿನ ಮುಳ್ಳಿನಂಥ ಆಂಟೆನಾ ಇರುತ್ತಿತ್ತು. ಪತ್ರಿಕೆಗೆ ಕೊಡುವ ಪ್ರಿಂಟಿನಲ್ಲಿ ಅದು ಮಾಯ.

ನನ್ನ ಹತ್ತಿರ ಅಂಗೈ ಅಗಲದ ಒಂದು ಬ್ಯಾರಕುಡಾ ಪ್ರಿಂಟ್ ಇದೆ. ನೇರ ನೋಡಿದರೆ ಹಿಂದೆ ಮೋಡ ಕವಿದ ಆಕಾಶ, ಅಷ್ಟೇ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ವಿಮಾನ ಹೊಳೆಯುತ್ತದೆ, ಆಕಾಶ ಹೊಳೆಯುವುದಿಲ್ಲ. ಆಕಾಶ ಅಂದುಕೊಂಡದ್ದು ಬ್ರಶ್ಶಿನಿಂದ ಬಳಿದ ಬೂದು ಬಣ್ಣ. ಬಾಲದ ಅಂಚಿನಲ್ಲಿ ಕೈ ಸ್ವಲ್ಪ ಜಾರಿ ಬಣ್ಣ ಲೋಹದ ಮೇಲೆ ಬಂದಿದೆ. ಆ ಬಣ್ಣವನ್ನು ದಯವಿಟ್ಟು ಒರೆಸಬೇಡಿ. ಅದೂ ಆ ಕಾಲದ್ದೇ.

ತಾರೀಖು ಬರೆದಿಲ್ಲ. ಯಾವ ವರ್ಷದ್ದು ಅಂತ ಕಂಡುಹಿಡಿಯೋದು ಹೇಗೆ?

ಬಣ್ಣದ ಗುರುತುಗಳು ಆಗಾಗ ಬದಲಾಗಿದ್ದು ನಮಗೆ ಅನುಕೂಲವಾಯಿತು. ಬಾಲದ ಲಂಬ ರೆಕ್ಕೆಯ ಮೇಲೆ ಕೆಂಪು-ಬಿಳಿ-ನೀಲಿ ಪಟ್ಟಿ ಇಲ್ಲದಿದ್ದರೆ ಅದು ಸಾಮಾನ್ಯವಾಗಿ 1940ರ ಮೇ ತಿಂಗಳಿಗಿಂತ ಮುಂಚಿನದು. ಒಡಲಿನ ರೌಂಡೆಲ್‌ನಲ್ಲಿ ಬಿಳಿ ಮತ್ತು ಹಳದಿ ಬಳೆಗಳು ತೀರಾ ತೆಳ್ಳಗಾಗಿದ್ದರೆ 1942ರ ಮಧ್ಯದ ನಂತರದ್ದು. ರೆಕ್ಕೆಗೂ ಒಡಲಿಗೂ ಅಗಲವಾದ ಕಪ್ಪು-ಬಿಳಿ ಪಟ್ಟೆ ಸುತ್ತಿದ್ದರೆ ನಾರ್ಮಂಡಿ ದಾಳಿಯ ಸಮಯ, ಅಂದರೆ 1944ರ ಜೂನ್ ಅಥವಾ ಆಮೇಲೆ. ಆದರೆ ಪ್ರೊಟೊಟೈಪ್‌ಗಳಿಗೆ ಹೊಸ ಗುರುತು ಬಳಿಯುವುದು ಕೆಲವೊಮ್ಮೆ ತಡವಾಗುತ್ತಿತ್ತು. ಒಂದೇ ಗುರುತು ನಂಬಿ ತೀರ್ಮಾನ ಮಾಡಬೇಡಿ, ಎರಡು ಮೂರು ಹೊಂದಬೇಕು.

ನನ್ನ ಫೋಟೋದಲ್ಲಿ ರೌಂಡೆಲ್ ಇದೆ, ನಡುವಿನ ಕೆಂಪು ಚುಕ್ಕೆಯೇ ಇಲ್ಲ. ನಕಲಿಯಾ?

ಅಲ್ಲ, ನಮ್ಮ ಕಡೆಯದು. ಜಪಾನಿನ ವಿಮಾನಗಳ ಗುರುತು ಕೆಂಪು ಸೂರ್ಯ. ದೂರದಿಂದ ಕೆಂಪು ಕಂಡರೆ ಸಾಕು, ನಮ್ಮವರೇ ನಮ್ಮವರ ಮೇಲೆ ಗುಂಡು ಹಾರಿಸುವ ಅಪಾಯ. ಅದಕ್ಕೆ ಭಾರತ, ಬರ್ಮಾ, ಸಿಲೋನ್ ಕಡೆ ಕೆಂಪು ತೆಗೆದು ನೀಲಿ-ಬಿಳಿ ಅಥವಾ ಕಡುನೀಲಿ-ತಿಳಿನೀಲಿ ಬಳಿದರು. ಬ್ರಿಟಿಷ್ ನೌಕಾಪಡೆಯ ವಿಮಾನಗಳ ದುರಸ್ತಿ ನೆಲೆಗಳು ಕೊಯಮತ್ತೂರು, ಸೂಲೂರಿನಲ್ಲೂ ಇದ್ದವು, ಹಾಗಾಗಿ ದಕ್ಷಿಣ ಭಾರತದ ಹಳೇ ಪೆಟ್ಟಿಗೆಗಳಲ್ಲಿ ಇಂಥ ಫೋಟೋ ಸಿಕ್ಕರೆ ಆಶ್ಚರ್ಯ ಇಲ್ಲ. ಸಿಲೋನಿನ ಪುತ್ತಳಂ ನೆಲೆಯಲ್ಲಿ ಆನೆ ಕೊರ್ಸೇರ್ ವಿಮಾನವನ್ನು ಎಳೆಯುವ ಫೋಟೋ ಒಂದಿದೆ. ಮಕ್ಕಳಿಗೆ ತೋರಿಸಿದರೆ ವಿಮಾನ ಮರೆತು ಆನೆಯನ್ನೇ ನೋಡುತ್ತಾರೆ. ನೋಡಲಿ ಬಿಡಿ, ಆನೆ ನೋಡಿದವರು ಆಮೇಲೆ ವಿಮಾನದ ಬಗ್ಗೆಯೂ ಕೇಳುತ್ತಾರೆ.

## ಫೋಟೋದ ಹಿಂದಿನ ಕತೆ

ವಿಮಾನವೇ ಇಲ್ಲ, ಫೋಟೋ ಮಾತ್ರ ಉಳಿದಿದೆ ಅನ್ನೋ ಥರದವು ಯಾವುವು?

ಬೇಕಾದಷ್ಟಿವೆ, ನನ್ನ ಆಸೆಯೆಲ್ಲ ಇಂಥವುಗಳ ಮೇಲೇ.

ಬ್ಲ್ಯಾಕ್‌ಬರ್ನ್ ಬಿ-20 ಅನ್ನುವ ಹಾರುವ ದೋಣಿ ಒಂದಿತ್ತು. ನೀರಿಗೆ ಇಳಿಯುವಾಗ ಅದರ ಹೊಟ್ಟೆಯ ಕೆಳಭಾಗವೇ ಇಳಿಯುತ್ತಿತ್ತು, ಹಾರುವಾಗ ಮೇಲೆ ಬಂದು ಕೂಡಿಕೊಳ್ಳುತ್ತಿತ್ತು. ಮಾಡಿದ್ದು ಒಂದೇ. 1940ರ ಏಪ್ರಿಲ್ 7ರಂದು ಸ್ಕಾಟ್‌ಲೆಂಡಿನ ಕಡಲಲ್ಲಿ ಬಿದ್ದಿತು, ಮೂವರು ಸತ್ತರು.

ಸೂಪರ್‌ಮರೀನ್ 322 ಬ್ಯಾರಕುಡಾಗೆ ಎದುರಾಳಿ. ಅಡ್ಡಹೆಸರು ಡಂಬೊ. ಇಳಿಯುವಾಗ ಒಡಲು ಹಾಗೇ ಇದ್ದು ರೆಕ್ಕೆ ಮಾತ್ರ ಓರೆಯಾಗಿ ಏಳುತ್ತಿತ್ತು. ಪೈಲಟ್‌ಗೆ ಮುಂದಿನ ಡೆಕ್ ಚೆನ್ನಾಗಿ ಕಾಣಲಿ ಅಂತ. 1943ರಲ್ಲಿ ಹಾರುವ ಹೊತ್ತಿಗೆ ಬ್ಯಾರಕುಡಾಗಳು ಆಗಲೇ ತಯಾರಾಗುತ್ತಿದ್ದವು. ಎರಡೇ ಮಾಡಿದರು, ಅಲ್ಲಿಗೆ ನಿಂತಿತು.

ಮಾರ್ಟಿನ್-ಬೇಕರ್ ಎಂಬಿ5 ನೋಡಿ. 1944ರ ಮೇ 23ರಂದು ಹಾರಿತು. ಮೂಗಿನಲ್ಲಿ ಒಂದರ ಹಿಂದೊಂದು ಎರಡು ಪ್ರೊಪೆಲರ್, ಎದುರು ಬದುರು ದಿಕ್ಕಿಗೆ ತಿರುಗುವಂಥವು. ಓಡಿಸಿದವರೆಲ್ಲ ಮೆಚ್ಚಿದರು. ಮಾಡಿದ್ದು ಮಾತ್ರ ಒಂದೇ, ಅದೂ ಉಳಿಯಲಿಲ್ಲ. ಅದಕ್ಕಿಂತ ಮುಂಚಿನ ಎಂಬಿ3ರಲ್ಲಿ, 1942ರ ಸೆಪ್ಟೆಂಬರ್ 12ರಂದು, ಕಂಪನಿಯ ಪಾಲುದಾರ ವ್ಯಾಲೆಂಟೈನ್ ಬೇಕರ್ ಎಂಜಿನ್ ಕೈಕೊಟ್ಟು ತೀರಿಕೊಂಡಿದ್ದರು. ಜೊತೆಗಾರ ಜೇಮ್ಸ್ ಮಾರ್ಟಿನ್ ಆಮೇಲೆ ಅಪಾಯದಲ್ಲಿ ಪೈಲಟ್‌ನನ್ನು ವಿಮಾನದಿಂದ ಹೊರಕ್ಕೆ ಚಿಮ್ಮಿಸಿ ಜೀವ ಉಳಿಸುವ ಹಾರುಕುರ್ಚಿಗೆ ಕೈ ಹಾಕಿದರು. ಬೆಂಗಳೂರಿನಲ್ಲಿ ತಯಾರಾಗುವ ತೇಜಸ್‌ನಲ್ಲಿ ಇರುವುದು ಅದೇ ಕಂಪನಿಯ ಕುರ್ಚಿ.

ಬ್ಯಾರಕುಡಾದ್ದೇ ಎಲ್ಲಕ್ಕಿಂತ ಬೇಸರದ ಸಂಗತಿ. 2500ಕ್ಕೂ ಹೆಚ್ಚು ತಯಾರಾದವು. 1944ರ ಏಪ್ರಿಲ್ 3ರಂದು ನಾರ್ವೆಯಲ್ಲಿ ಜರ್ಮನಿಯ ಟಿರ್ಪಿಟ್ಜ್ ಯುದ್ಧನೌಕೆಗೆ ಬಾಂಬ್ ಹಾಕಿದ್ದು ಇವೇ. ಇವತ್ತು ಇಡಿಯಾಗಿ ಒಂದೂ ಉಳಿದಿಲ್ಲ. ಚೂರುಗಳಿಂದ ಒಂದನ್ನು ಮತ್ತೆ ಕಟ್ಟುತ್ತಿದ್ದಾರೆ. ಅವರಿಗೂ ಹಳೇ ಫೋಟೋಗಳೇ ಆಧಾರ.

ಮೊಸ್ಕಿಟೊ ಪ್ರೊಟೊಟೈಪ್ ಉಳಿದಿದೆ ಅಂತಾರೆ, ಆದ್ರೆ ಮೊದಲಿನ ಒಡಲಲ್ಲ ಅಂತಲೂ ಅಂತಾರೆ. ಯಾವುದು ನಿಜ?

ಎರಡೂ ನಿಜ. ಮೊಸ್ಕಿಟೊ ಅಂದರೆ ಮರದ ಒಡಲಿನ, ಎರಡು ಎಂಜಿನ್ನಿನ ಯುದ್ಧವಿಮಾನ. ಅದರ ಪ್ರೊಟೊಟೈಪ್ ಡಬ್ಲ್ಯು4050 ಸಾಲ್ಸ್‌ಬರಿ ಹಾಲ್ ಅನ್ನುವ ಹಳೇ ಬಂಗಲೆಯಲ್ಲಿ ತಯಾರಾಯಿತು. ಬಿಡಿಭಾಗ ಮಾಡಿ ಹ್ಯಾಟ್‌ಫೀಲ್ಡ್‌ಗೆ ಸಾಗಿಸಿ, ಅಲ್ಲಿಂದ 1940ರ ನವೆಂಬರ್ 25ರಂದು ಹಾರಿಸಿದರು. ಆಗ ಮೈಯೆಲ್ಲ ಹಳದಿ. ಮರುವರ್ಷ ಫೆಬ್ರವರಿಯಲ್ಲಿ ಬಾಸ್ಕಂಬ್ ಡೌನ್‌ನ ಉಬ್ಬುತಗ್ಗು ನೆಲದಲ್ಲಿ ಬಾಲದ ಚಕ್ರ ಸಿಕ್ಕಿಕೊಂಡು ಮರದ ಒಡಲು ಸೀಳಿತು. ಆಗ ಡಬ್ಲ್ಯು4051ಕ್ಕೆ ಅಂತ ಮಾಡಿಟ್ಟಿದ್ದ ಒಡಲನ್ನು ಇದಕ್ಕೆ ಜೋಡಿಸಿದರು. ಹಾಗಾಗಿ ಮೊದಲ ತಿಂಗಳುಗಳ ಫೋಟೋದಲ್ಲಿ ಇರುವ ಒಡಲೇ ಬೇರೆ, ಇವತ್ತು ಸಾಲ್ಸ್‌ಬರಿ ಹಾಲ್‌ನ ಸಂಗ್ರಹಾಲಯದಲ್ಲಿ ಕಾಣುವ ಒಡಲೇ ಬೇರೆ. ನಂಬರ್ ಒಂದೇ.

ಜೆಟ್ ವಿಮಾನ ಮೊದಲು ಹಡಗಿನ ಮೇಲೆ ಇಳಿದ ಫೋಟೋ ಇದೆಯಾ?

ಇದೆ. 1945ರ ಡಿಸೆಂಬರ್ 3, ಎಚ್‌ಎಂಎಸ್ ಓಷನ್ ಹಡಗು, ವ್ಯಾಂಪೈರ್‌ನ ನೌಕಾ ರೂಪವಾದ ಸೀ ವ್ಯಾಂಪೈರ್ ಎಲ್‌ಝಡ್551/ಜಿ. ಓಡಿಸಿದವರು ಎರಿಕ್ ಬ್ರೌನ್. ಯುದ್ಧ ಮುಗಿದು ಕೆಲವೇ ತಿಂಗಳಾಗಿತ್ತು. ಇದೇ ಬ್ರೌನ್ 1944ರ ಮಾರ್ಚ್‌ನಲ್ಲಿ ಎರಡು ಎಂಜಿನ್ನಿನ ಮೊಸ್ಕಿಟೊವನ್ನೂ ಡೆಕ್ಕಿನ ಮೇಲೆ ಇಳಿಸಿದ್ದರು. ಜೀವನದಲ್ಲಿ 487 ಬಗೆಯ ವಿಮಾನ ಓಡಿಸಿದ ಮನುಷ್ಯ. ಆ ವ್ಯಾಂಪೈರ್ ಈಗಲೂ ಯೋವಿಲ್ಟನ್‌ನ ನೌಕಾ ವಿಮಾನ ಸಂಗ್ರಹಾಲಯದಲ್ಲಿದೆ. ಫೋಟೋದಲ್ಲಿ ಜೆಟ್ಟಿನ ಮೂಗಿನಲ್ಲಿ ಪ್ರೊಪೆಲರ್ ಇಲ್ಲದಿರುವುದನ್ನು ಒಮ್ಮೆ ಗಮನಿಸಿ. ಆ ಡೆಕ್ಕಿನ ಕೆಲಸಗಾರರು ಅಲ್ಲಿಯ ತನಕ ಪ್ರೊಪೆಲರ್ ಇಲ್ಲದ ವಿಮಾನವನ್ನು ಹಿಡಿದೇ ಇರಲಿಲ್ಲ.

## ಕೂಡಿಡುವವರಿಗೆ

ಇಂಗ್ಲೆಂಡಿಗೆ ಹೋಗದೆ ಇವನ್ನೆಲ್ಲ ನೋಡೋಕಾಗುತ್ತಾ?

ಆಗುತ್ತದೆ. ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ತನ್ನ ಸಾವಿರಾರು ಫೋಟೋಗಳನ್ನು ಜಾಲತಾಣದಲ್ಲಿ ಹಾಕಿದೆ. ಅಲ್ಲಿ ನಂಬರ್ 'ಎ' ಅಂತ ಶುರುವಾದರೆ ನೌಕಾಪಡೆಯ ಅಧಿಕೃತ ಫೋಟೋಗ್ರಾಫರ್ ತೆಗೆದದ್ದು, 'ಸಿಎಚ್' ಆದರೆ ವಾಯುಪಡೆಯದು. ವಿಮಾನದ ಹೆಸರಿಗಿಂತ ಅದರ ನಂಬರ್ ಹಾಕಿ ಹುಡುಕಿದರೆ ಬೇಗ ಸಿಗುತ್ತದೆ. ಬಾಸ್ಕಂಬ್ ಡೌನ್‌ನ ಮೂಲ ವರದಿಗಳು ಲಂಡನ್ನಿನ ಕ್ಯೂ ಅನ್ನುವ ಬಡಾವಣೆಯಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ 'ಎವಿಐಎ 18' ಅನ್ನುವ ಕಟ್ಟಿನಲ್ಲಿವೆ. ಅಲ್ಲಿ ಓದುವ ಮಗಳೋ ಮಗನೋ ಇದ್ದರೆ ಒಂದು ದಿನ ಹೋಗಿ ನೋಡಲು ಹೇಳಿ. ವರದಿಯ ಜೊತೆಯಲ್ಲೇ ಫೋಟೋ ನೋಡುವ ಅನುಭವ ಬೇರೆ.

ಈ ಫೋಟೋಗಳನ್ನ ನನ್ನ ಲೇಖನಕ್ಕೆ ಬಳಸಬಹುದಾ?

ಸರ್ಕಾರಿ ಫೋಟೋಗ್ರಾಫರ್‌ಗಳು ತೆಗೆದದ್ದಾದರೆ ಬಳಸಬಹುದು. ಬ್ರಿಟನ್ನಿನಲ್ಲಿ 1957ರ ಜೂನ್ 1ಕ್ಕಿಂತ ಮುಂಚೆ ತೆಗೆದ ಸರ್ಕಾರಿ ಫೋಟೋಗಳ ಹಕ್ಕು 50 ವರ್ಷಕ್ಕೆ ಮುಗಿಯುತ್ತದೆ. ಕಂಪನಿಯವರು, ಖಾಸಗಿಯವರು ತೆಗೆದದ್ದಕ್ಕೆ ಲೆಕ್ಕ ಬೇರೆ, ತೆಗೆದವರು ತೀರಿಕೊಂಡು 70 ವರ್ಷ ಆಗಬೇಕು. ಆಕಾಶದಲ್ಲಿ ಹಾರುವ ವಿಮಾನಗಳನ್ನು ಅದ್ಭುತವಾಗಿ ತೆಗೆದ ಚಾರ್ಲ್ಸ್ ಬ್ರೌನ್ ಅವರ ಸಂಗ್ರಹ ರಾಯಲ್ ಏರ್ ಫೋರ್ಸ್ ಮ್ಯೂಸಿಯಂನಲ್ಲಿದೆ. ಅದನ್ನು ಅವರ ಒಪ್ಪಿಗೆ ಇಲ್ಲದೆ ಮುಟ್ಟಬೇಡಿ.

ಯುದ್ಧಕಾಲದ ಅಸಲಿ ಪ್ರಿಂಟ್ ಅಂತ ಕೊಡ್ತಿದಾರೆ. ನಂಬಬಹುದಾ?

ನೋಡಿ ನಂಬಿ. ನಾನೊಮ್ಮೆ ಒಬ್ಬ ವ್ಯಾಪಾರಿಯಿಂದ ಒಳ್ಳೇ ಬೆಲೆ ಕೊಟ್ಟು ಫೈರ್‌ಫ್ಲೈ ಪ್ರಿಂಟ್ ತಗೊಂಡೆ. ಮನೆಗೆ ತಂದು ಹಿಂಭಾಗ ಮುಟ್ಟಿದರೆ ಪ್ಲಾಸ್ಟಿಕ್ಕಿನ ನುಣುಪು. ಅಂಥ ಕಾಗದ ಯುದ್ಧಕಾಲದಲ್ಲಿ ಇರಲೇ ಇಲ್ಲ. ಆವತ್ತು ರಾತ್ರಿ ಊಟ ಸೇರಲಿಲ್ಲ.

ಹಾಗಾಗಿ ಮೊದಲು ಬೆರಳಿನಿಂದ ಹಿಂಭಾಗ ಸವರಿ, ಕಾಗದದ ಹಾಗೆ ಇರಬೇಕು. ಆಮೇಲೆ ನೋಟು ಪರೀಕ್ಷಿಸುವ ನೇರಳೆ ದೀಪವನ್ನು ಕತ್ತಲೆಯಲ್ಲಿ ಹಿಡಿಯಿರಿ. ಕಾಗದ ನೀಲಿ ಬಿಳುಪಾಗಿ ಫಳಫಳ ಹೊಳೆದರೆ ಅದು 1950ರ ದಶಕದ ಆಮೇಲಿನದು, ಹೊಳಪು ಕೊಡುವ ರಾಸಾಯನಿಕ ಫೋಟೋ ಕಾಗದಕ್ಕೆ ಬಂದದ್ದೇ ಆಗ. ಹೊಳೆಯದಿದ್ದರೆ ಅಸಲಿ ಅಂತ ಖಾತ್ರಿ ಇಲ್ಲ, ಆದರೆ ಆಸೆ ಇಟ್ಟುಕೊಳ್ಳಬಹುದು. ಗಾಢವಾದ ಜಾಗದಲ್ಲಿ, ಅಂಚಿನ ಕಡೆ, ಓರೆ ಬೆಳಕಿಗೆ ಬೆಳ್ಳಿಯ ಹೊಳಪು ಕಂಡರೆ ಅದು ವಯಸ್ಸಿನ ಒಳ್ಳೇ ಗುರುತು.

ಬಣ್ಣ ತುಂಬಿದ ಫೋಟೋ ಎಷ್ಟು ಜೀವಂತವಾಗಿದೆ! ಅದನ್ನೇ ಇಟ್ಟುಕೊಳ್ಳಬಾರದಾ?

ಗೋಡೆಗೆ ಹಾಕಿಕೊಳ್ಳಿ, ತಪ್ಪಿಲ್ಲ. ಮೂಲದ ಬದಲಿಗೆ ಮಾತ್ರ ಇಡಬೇಡಿ. ಕಂಪ್ಯೂಟರಿಗೆ ಆರ್ಥೊ ಫಿಲ್ಮಿನ ಗುಟ್ಟು ಗೊತ್ತಿಲ್ಲ. ಹಳದಿ ಹೊಟ್ಟೆಯ ಪ್ರೊಟೊಟೈಪ್‌ಗೆ ಕಪ್ಪು ಬಳಿದದ್ದನ್ನು ನಾನೇ ನೋಡಿದ್ದೇನೆ. ಅಂಥದ್ದು ಹತ್ತು ಕಡೆ ಹರಡಿದ ಮೇಲೆ ಮಾಡೆಲ್ ಮಾಡುವ ಹುಡುಗರು ಅದನ್ನೇ ನಂಬಿ ಬಣ್ಣ ಹಚ್ಚುತ್ತಾರೆ.

ನಮ್ಮದು ಮಲೆನಾಡು. ಮಳೆಗಾಲದಲ್ಲಿ ಪ್ರಿಂಟಿಗೆ ಬೂಸ್ಟು ಹಿಡೀತದೆ. ಏನು ಮಾಡಲಿ?

ಕಬ್ಬಿಣದ ಬೀರು ಗೋಡೆಗೆ ತಾಗಿಸಿ ಇಡಬೇಡಿ, ಹೊರಗೋಡೆಗಂತೂ ಬೇಡವೇ ಬೇಡ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ, ಬಣ್ಣ ಬದಲಾದಾಗ ಪೊಟ್ಟಣ ಬದಲಿಸಿ. ಪ್ರತಿ ಪ್ರಿಂಟಿಗೂ ಆಮ್ಲ ಇಲ್ಲದ ಕಾಗದದ ಲಕೋಟೆ. ಅಂಟು ಹಾಳೆಯ ಆಲ್ಬಂ, ಪಿವಿಸಿ ಕವರ್, ನುಸಿಗುಳಿಗೆ ಮೂರೂ ಬೇಡ. ಬೂಸ್ಟು ಬಂದೇ ಬಿಟ್ಟರೆ ಒದ್ದೆ ಬಟ್ಟೆ ಹಾಕಬೇಡಿ, ಮೇಲ್ಪದರ ಕಿತ್ತು ಬರುತ್ತದೆ. ಮೊದಲು ನೆರಳಲ್ಲಿ ಒಣಗಲಿ, ಆಮೇಲೆ ಮೆತ್ತನೆಯ ಬ್ರಶ್ಶಿನಿಂದ ಮನೆಯ ಹೊರಗೆ ಝಾಡಿಸಿ.

ಹಿಂಭಾಗದಲ್ಲಿ ಟೈಪ್ ಮಾಡಿದ ಚೀಟಿ ಅಂಟಿಸಿದ್ದಾರೆ, ಕೊಳೆಯಾಗಿದೆ. ಕಿತ್ತು ಹಾಕಲಾ?

ಬೇಡ. ಆ ಚೀಟಿ, ನೇರಳೆ ಶಾಯಿಯ ಸೆನ್ಸಾರ್ ಮುದ್ರೆ, ಪೆನ್ಸಿಲ್ಲಿನಲ್ಲಿ ಗೀಚಿದ ನೆಗೆಟಿವ್ ನಂಬರ್, ಇವೇ ಆ ಫೋಟೋದ ಊರು ಹೆಸರು. ಮುಂಭಾಗ ಸ್ಕ್ಯಾನ್ ಮಾಡಿದ ಹಾಗೇ ಹಿಂಭಾಗವನ್ನೂ ಸ್ಕ್ಯಾನ್ ಮಾಡಿ, ಎರಡೂ ಫೈಲಿಗೆ ಒಂದೇ ನಂಬರ್ ಕೊಡಿ. ನೀವು ಏನಾದರೂ ಸೇರಿಸಬೇಕಾದರೆ ಮೆತ್ತನೆಯ ಪೆನ್ಸಿಲ್‌ನಲ್ಲಿ ಅಂಚಿಗೆ ಬರೆಯಿರಿ, ಒತ್ತಬೇಡಿ, ಬಾಲ್‌ಪೆನ್ ಅಂತೂ ಮುಟ್ಟಲೇಬೇಡಿ. ಚೀಟಿ ತಾನಾಗಿ ಬಿದ್ದುಹೋದರೆ ಅದೇ ಲಕೋಟೆಯೊಳಗೆ ಪ್ರಿಂಟಿನ ಹಿಂದೆ ಇಟ್ಟುಬಿಡಿ.